ಬೈಂದೂರಿಗೆ ಮುಟ್ಟದ ನೀರು

ನನ್ನ ಗಂಡ ಲೀಲಾಧರ ಇಪ್ಪತ್ತೆರಡು ವರ್ಷ ಗಂಗೊಳ್ಳಿ ಬಂದರಿನಿಂದ ಗೋವಾಕ್ಕೆ ಮೀನಿನ ಗಾಡಿ ಓಡಿಸಿದವರು. ಅಷ್ಟು ವರ್ಷ ಹೋಗಿ ಬಂದು ಗೋವಾದಲ್ಲಿ ಏನು ನೋಡಿದಿರಿ ಎಂದು ಯಾರಾದರೂ ಕೇಳಿದರೆ "ಮಾರ್ಕೆಟ್" ಎನ್ನುತ್ತಿದ್ದರು. ಅಂಥ ಮನುಷ್ಯ 2009ರ ಫೆಬ್ರವರಿಯಲ್ಲಿ ಒಂದು ದಿನ ಚಹಾ ಕುಡಿಯಲು ಮರವಂತೆಯಲ್ಲಿ ಗಾಡಿ ನಿಲ್ಲಿಸಿದವರು, ಕಡಲ ಬದಿಯಲ್ಲಿ ನಿಂತಿದ್ದ ಒಂದು ವಿದೇಶಿ ಗಾಡಿಯನ್ನು ನೋಡಿಬಿಟ್ಟರು. ಮುಂದಿನದ್ದೆಲ್ಲ ಅದರಿಂದಲೇ ಆದದ್ದು.

ಅದರಲ್ಲಿ ಬಂದವರು ಜರ್ಮನಿಯ ಒಬ್ಬ ಮುದುಕ ಮತ್ತು ಅವನ ಹೆಂಡತಿ. ಇವರಿಗೆ ಜರ್ಮನ್ ಬಾರದು, ಅವನಿಗೆ ಕನ್ನಡ ಬಾರದು. ಆದರೂ ಇಬ್ಬರೂ ಒಂದು ಗಂಟೆ ಮಾತಾಡಿದರಂತೆ. ಮುದುಕ ಗಾಡಿಯ ಬಾಗಿಲು ತೆರೆದು ಒಳಗಿನ ಮಂಚ, ಒಲೆ, ನೀರಿನ ಟ್ಯಾಂಕು ಎಲ್ಲ ತೋರಿಸಿದನಂತೆ. ಅಂದು ರಾತ್ರಿ ಊಟಕ್ಕೆ ಕೂತವರು ಬಂಗುಡೆ ಸಾರು ಕಲಸಿಕೊಳ್ಳುತ್ತ ಶುರು ಮಾಡಿದರು.

"ಗಾಡಿಯೊಳ್ಗೇ ಕಕ್ಕಸ್ ಇತ್ತ್ ಮಾರಾಯ್ತಿ. ಫ್ಲಶ್ ಸಮೇತ!"

ಊಟದ ಹೊತ್ತಿಗೆ ಅವರಿಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಕ್ಕಿರಲಿಲ್ಲ.

ಅದೇ ವರ್ಷ ಅವರ ಸೊಂಟ ನೋಡಿದ ಡಾಕ್ಟರು, ಇನ್ನು ಲೋಡ್ ಗಾಡಿ ಬೇಡ ಎಂದಿದ್ದರು. ನಮ್ಮ ಹಳೆಯ ಗಾಡಿ ಅಂಗಳದಲ್ಲಿ ಸುಮ್ಮನೆ ನಿಂತಿತ್ತು. ಐಸ್ ಕರಗದಂತೆ ನಾಲ್ಕೂ ಸುತ್ತ ದಪ್ಪ ಗೋಡೆ ಕಟ್ಟಿದ ಪೆಟ್ಟಿಗೆ ಗಾಡಿ ಅದು. ಮಾರೋಣ ಎಂದು ನಾನು ಹೇಳುವ ಮೊದಲೇ ಅವರು ಅದಕ್ಕೆ ಕಿಟಕಿ ಎಲ್ಲಿ ಕೊರೆಯಬೇಕೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆದಾಗಿತ್ತು.

"ಎಂತಕ್ಕೆ ಇದ್?" ಎಂದೆ.

"ಅತ್ತೆಗೆ" ಎಂದರು.

ಅತ್ತೆ ಎಂದರೆ ನನ್ನ ಅಮ್ಮ, ಜಲಜ. ನಲವತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿದವಳು. ದೋಣಿಯಲ್ಲಿ ಹೊಳೆ ದಾಟಿ ಕುಂದಾಪುರಕ್ಕೆ ಹೋಗಿ, ಅಲ್ಲಿಂದ ಮನೆ ಮನೆ ತಿರುಗಿ, ಸಂಜೆ ನಡೆದು ಬರುತ್ತಿದ್ದವಳು. ಸಕ್ಕರೆ ಕಾಯಿಲೆ ಬಂದ ಮೇಲೆ ಅರ್ಧ ಗಂಟೆಗೊಮ್ಮೆ ಕಕ್ಕಸಿಗೆ ಹೋಗಬೇಕು. ಆರು ವರ್ಷದಿಂದ ಬಸ್ಸು ಹತ್ತಿರಲಿಲ್ಲ. ಅವಳ ಒಬ್ಬಳೇ ತಂಗಿ ಪುಷ್ಪ ಚಿಕ್ಕಮ್ಮ ಕಾರವಾರದಲ್ಲಿದ್ದಾಳೆ. ಚಿಕ್ಕಮ್ಮನ ಮಗನ ಮದುವೆಗೂ ಅಮ್ಮ ಹೋಗಲಿಲ್ಲ. "ಬಸ್ಸಿನವ ನನ್ಗಾಯಿ ಎಷ್ಟ್ ಸಲ ನಿಲ್ಸ್ತಾ? ಬ್ಯಾಡ" ಎಂದು ಮನೆಯಲ್ಲೇ ಉಳಿದು, ಮದುವೆಯ ದಿನ ಬೆಳಗ್ಗಿನಿಂದ ಸಂಜೆಯವರೆಗೆ ಬಲೆ ಹೆಣೆದಳು.

ನನ್ನ ಗಂಡನ ತಲೆಯಲ್ಲಿ ಅದುವರೆಗೆ ಹುಟ್ಟಿದ ಯೋಜನೆಗಳಲ್ಲಿ ನಾನು ವಿರೋಧಿಸಲು ಆಗದೇ ಹೋದದ್ದು ಇದೊಂದೇ. ಅದಕ್ಕೇ ನನಗೆ ಇದರ ಮೇಲೆ ಇಷ್ಟು ಸಿಟ್ಟು.

ಕೆಲಸ ಮಾಡಿದವ ತ್ರಾಸಿಯ ಪದ್ದು. ಗ್ಯಾರೇಜು ಇಟ್ಟುಕೊಂಡವ, ಬೋಟಿನ ಎಂಜಿನ್ನಿನಿಂದ ಹಿಡಿದು ಮಿಕ್ಸಿಯವರೆಗೆ ಏನನ್ನಾದರೂ ಬಿಚ್ಚಬಲ್ಲ. ಮಳೆಗಾಲ ಪೂರ್ತಿ ಕೆಲಸ ನಡೆಯಿತು. ಎರಡು ಮಂಚ, ಒಂದು ಗ್ಯಾಸ್ ಒಲೆ, ಮೂಲೆಯಲ್ಲಿ ಬಚ್ಚಲು ಮತ್ತು ಕಕ್ಕಸು ಸೇರಿದ ಒಂದು ಕೋಣೆ. ಕೋಣೆ ಎಂದದ್ದು ಮರ್ಯಾದೆಗೆ. ಒಳಗೆ ಹೋದವರು ತಿರುಗಬೇಕಾದರೆ ಹೊರಗೆ ಬರಬೇಕು. ಅಮ್ಮನ ಮಂಚದ ಅಡಿಗೆ ಮುನ್ನೂರು ಲೀಟರಿನ ಕಪ್ಪು ಪ್ಲಾಸ್ಟಿಕ್ ಟ್ಯಾಂಕು. ಅದಕ್ಕೆ ನೀರು ತುಂಬಿಸಲು ಮೇಲೊಂದು ಮುಚ್ಚಳ, ಬ್ಯಾಟರಿಯಲ್ಲಿ ಓಡುವ ಒಂದು ಸಣ್ಣ ಪಂಪು, ನೀರು ಹೆಚ್ಚಾದರೆ ಹೊರಗೆ ಹೋಗಲು ಒಂದು ಪೈಪು. ಈ ಪೈಪು ಗಾಡಿ ಕುಲುಕುವಾಗ ಕಳಚಬಾರದೆಂದು ಪದ್ದು ಅದನ್ನು ಟ್ಯಾಂಕಿನ ಮೇಲಿನ ತೂತಿನಿಂದ ಧಾರಾಳವಾಗಿ ಒಳಗೆ ನೂಕಿದ. ಇನ್ನೊಂದು ತುದಿಯನ್ನು ನೆಲದಡಿಯಿಂದ ಹಿಂದಿನ ಚಕ್ರದ ಹತ್ತಿರ ಇಳಿಬಿಟ್ಟ.

"ಇನ್ನ್ ಈ ಜನ್ಮದಂಗೆ ಕಳ್ಚುದಿಲ್ಲ" ಎಂದ. ಅವನು ಹೇಳಿದ್ದರಲ್ಲಿ ಅದೊಂದು ನಿಜವಾಯಿತು.

ವಾಸನೆಯ ವಿಷಯ ಹೇಳಬೇಕಾಗಿಲ್ಲ. ಇಪ್ಪತ್ತೆರಡು ವರ್ಷದ ಬಂಗುಡೆ, ಬೂತಾಯಿ, ಅಂಜಲ್ ಆ ಗೋಡೆಗಳಲ್ಲಿ ಕೂತಿತ್ತು. ನಾನು ಫಿನಾಯಿಲ್ ಹಾಕಿ ಏಳು ಸಲ ತೊಳೆದೆ. ಆಮೇಲೆ ಫಿನಾಯಿಲ್ ಹಾಕಿದ ಬಂಗುಡೆಯ ವಾಸನೆ ಬಂತು. ಕೇರಿಯ ಬೆಕ್ಕುಗಳು ಗಾಡಿಯ ಸುತ್ತ ಕೂತು ನಮ್ಮ ಕಡೆ ಬಹಳ ಗೌರವದಿಂದ ನೋಡುತ್ತಿದ್ದವು.

ನವೆಂಬರಿನಲ್ಲಿ ಮೊದಲ ಪರೀಕ್ಷೆ. ಬೈಂದೂರಿಗೆ ಹೋಗಿ ಬರುವುದೆಂದು ತೀರ್ಮಾನ. ಇವರು, ನಾನು, ಅಮ್ಮ, ಮೂವರೇ. ಬಾವಿಯ ಪಂಪು ಹಾಕಿ ಟ್ಯಾಂಕಿನ ಕಂಠದವರೆಗೆ ನೀರು ತುಂಬಿಸಿದೆವು. ಅಮ್ಮ ಹೊಸ ಸೀರೆ ಉಟ್ಟು ಮಂಚದ ಮೇಲೆ ಕಿಟಕಿಗೆ ಆನಿಸಿ ಕೂತಳು. ನಾವುಂದದ ಹತ್ತಿರ ಒಮ್ಮೆ ಒಳಗೆ ಹೋಗಿ ಬಂದಳು. "ಫ್ಲಶ್ ಆತ್ತ್ ಹೆಣ್ಣೆ" ಎಂದಳು, ವಿಮಾನ ಹಾರಿಸಿ ಬಂದವರ ಹಾಗೆ.

ಬೈಂದೂರಿನಲ್ಲಿ ಗಾಡಿ ನಿಲ್ಲಿಸಿ, ಇವರು ನಾಲ್ಕು ಜನ ನೋಡುವಂತೆ ಟ್ಯಾಂಕಿನ ಮುಚ್ಚಳ ತೆರೆದರು. ನೋಡಿದರೆ ಒಳಗೆ ನಾಲ್ಕು ಬೆರಳು ನೀರು. ಕೈಯ ನಾಲ್ಕು ಬೆರಳು ಅಡ್ಡ ಇಟ್ಟರೆ ಎಷ್ಟೋ ಅಷ್ಟೇ.

ಇಪ್ಪತ್ತೈದು ಕಿಲೋಮೀಟರಿಗೆ ಇನ್ನೂರೈವತ್ತು ಲೀಟರಿಗೂ ಹೆಚ್ಚು. ಗಾಡಿ ಡೀಸೆಲ್ ಕೂಡ ಇಷ್ಟು ಕುಡಿಯುತ್ತಿರಲಿಲ್ಲ.

"ಎಲ್ಲ್ ಹೋಯ್ತ್ ಇದ್?" ಎಂದು ಇವರು ನನ್ನ ಮುಖ ನೋಡಿದರು, ನಾನು ಸೆರಗಿನಲ್ಲಿ ಕಟ್ಟಿಕೊಂಡು ಕೂತಿರುವೆನೇನೋ ಎಂಬ ಹಾಗೆ. ಗಾಡಿಯ ಅಡಿಗೆ ಬಗ್ಗಿ ನೋಡಿದರು. ಅಲ್ಲಿ ಒಂದು ಹನಿಯೂ ಸೋರುತ್ತಿರಲಿಲ್ಲ. ಸೋರುವುದಕ್ಕೆ ಇದ್ದರಲ್ಲವೇ?

ಮನೆಗೆ ಬಂದವರೇ ಬ್ರಹ್ಮಾವರಕ್ಕೆ ಫೋನು ಮಾಡಿದರು. ಅಲ್ಲಿರುವುದು ನನ್ನ ಅಕ್ಕ ವನಜ ಮತ್ತು ಅವಳ ಗಂಡ ಚಂದಯ್ಯ ಭಾವ. ಭಾವ ಮೂವತ್ತಮೂರು ವರ್ಷ ನೀರು ಸರಬರಾಜಿನ ಕೆಲಸದಲ್ಲಿ ಓವರ್‌ಸಿಯರ್ ಆಗಿ ನಿವೃತ್ತರಾದವರು. ಅವರು ಕೆಲಸ ಮಾಡಿದ ಊರುಗಳಲ್ಲೆಲ್ಲ ಪೈಪುಗಳು ಇದ್ದವು ಎಂದು ನಾನೂ ಕೇಳಿದ್ದೇನೆ. ನೀರಿನ ಬಗ್ಗೆ ಅವರಿಗೆ ಗೊತ್ತಿಲ್ಲದ ವಿಷಯವೇ ಇಲ್ಲ ಎಂದು ಅವರ ನಂಬಿಕೆ. ಷಡ್ಡಕನಾದ ಕಾರಣಕ್ಕೆ ನನ್ನ ಗಂಡನದ್ದೂ.

ಮರುದಿನ ಬೆಳಗ್ಗಿನ ಬಸ್ಸಿಗೆ ಭಾವ ಬಂದಿಳಿದರು. ಕೈಯಲ್ಲಿ ಟೇಪು, ಕಿಸೆಯಲ್ಲಿ ಪುಸ್ತಕ. ಟ್ಯಾಂಕನ್ನು ಬೆರಳಿನಿಂದ ಎರಡು ಸಲ ಬಡಿದು, ಕಿವಿಗೊಟ್ಟು ಕೇಳಿದರು.

"ಲೀಕೇಜ್" ಎಂದರು.

ಕೊಡದಲ್ಲಿ ಅಳೆದು ಇನ್ನೂರೆಂಬತ್ತು ಲೀಟರ್ ಸುರಿಸಿ, ನೀರಿನ ಮಟ್ಟಕ್ಕೆ ಗೆರೆ ಹಾಕಿ, ಗಾಡಿಯನ್ನು ಅಂಗಳದಲ್ಲಿ ಮೂರು ದಿನ ನಿಲ್ಲಿಸಿದರು. ಆ ಮೂರು ದಿನ ಭಾವನಿಗೆ ಎರಡು ಹೊತ್ತು ಮೀನೂಟ. ಮೂರನೆಯ ದಿನ ನೋಡಿದರೆ ನೀರು ಗೆರೆ ಬಿಟ್ಟು ಕೂದಲೆಳೆಯಷ್ಟೂ ಇಳಿದಿರಲಿಲ್ಲ.

"ಕಂಡ್ಯಾ? ಲೀಕೇಜ್ ಇಲ್ಲ" ಎಂದರು ಭಾವ, ಲೀಕೇಜ್ ಎಂದದ್ದು ಬೇರೆ ಯಾರೋ ಎಂಬಂತೆ. "ಇದ್ ಆವಿಯಾಪುದ್. ಗಾಡಿ ಓಡುವತ್ತಿಗೆ ಬಿಸಿ ಆತ್ತಲೆ."

"ಭಾವ, ಒಂದ್ ಗಂಟೆಯಂಗೆ ಇಷ್ಟ್ ನೀರ್ ಆವಿ ಆದ್ರೆ ಅಮ್ಮ ಮಂಚದ ಮೇಲೆ ಬೇಯ್ತಿದ್ಲ್" ಎಂದೆ.

ಭಾವ ನನ್ನ ಮಾತು ಕೇಳಿಸಿಕೊಳ್ಳುವ ಅಭ್ಯಾಸ ಇಟ್ಟುಕೊಂಡವರಲ್ಲ. ಪುಸ್ತಕ ತೆರೆದು ಏನೋ ಬರೆದರು. ಆಮೇಲೆ ಸ್ವರ ತಗ್ಗಿಸಿ ನನ್ನ ಗಂಡನನ್ನು ಕೇಳಿದರು: "ಅಲ್ಲ, ಅತ್ತೆ ಎಷ್ಟ್ ಸಲ ಹೋಯಿರ್? ಕೆಲವ್ರ್ ಫ್ಲಶ್ ಒತ್ತಿ ಹಿಡ್ಕಂಬ್ರ್, ಗೊತ್ತಿತ್ತಾ?"

ಸ್ವರ ತಗ್ಗಿಸಿದರೂ ಮೂರು ಮನೆಗೆ ಕೇಳುವ ಗಂಟಲು ಅದು. ಅಮ್ಮ ಜಗಲಿಯಲ್ಲೇ ಕೂತಿದ್ದಳು. ಬಲೆಯ ನೂಲನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿದಳು, ಅಷ್ಟೇ. ಅಂದಿನಿಂದ ಅವಳು ನೀರು ಕುಡಿಯುವುದನ್ನು ಕಡಿಮೆ ಮಾಡಿದಳು ಎಂದು ನನಗೆ ಆಮೇಲೆ ಗೊತ್ತಾಯಿತು. ಆಗ ಗೊತ್ತಾಗಬೇಕಿತ್ತು. ನಾನು ಭಾವನಿಗೆ ಮೀನು ಹುರಿಯುವುದರಲ್ಲಿದ್ದೆ.

ಎರಡನೆಯ ಪರೀಕ್ಷೆಗೆ ಭಾವ ಸ್ವತಃ ಗಾಡಿ ಹತ್ತಿದರು. ಟ್ಯಾಂಕು ಮತ್ತೆ ಕಂಠದವರೆಗೆ ತುಂಬಿತು. ಯಾರು ನಲ್ಲಿ ತಿರುಗಿಸಿದರೂ ಭಾವನಿಗೆ ಹೇಳಿ ತಿರುಗಿಸಬೇಕು, ಭಾವ ಅದನ್ನು ಪುಸ್ತಕದಲ್ಲಿ ಬರೆಯಬೇಕು. ಅಮ್ಮ ಒಮ್ಮೆಯೂ ಏಳಲಿಲ್ಲ. "ಕಂಡ್ಯಾ, ಹೇಳಿರೆ ಗೊತ್ತಾತ್ತ್" ಎಂದು ಭಾವ ನನಗೆ ಕಣ್ಣಿನಲ್ಲೇ ತೋರಿಸಿದರು.

ತ್ರಾಸಿ ದಾಟುವಾಗ ಸ್ಕೂಟರಿನವನೊಬ್ಬ ನಮ್ಮನ್ನು ಹಿಂದೆ ಹಾಕುತ್ತ ಕೂಗಿದ.

"ಹ್ವಾಯ್! ಗಾಡಿಯಡಿಂದ ನೀರ್ ಬೀಳ್ತಿತ್ತ್!"

ನನ್ನ ಗಂಡ ಕಿಟಕಿಯಿಂದ ಕೈ ಹೊರಗೆ ಹಾಕಿ, ಬಹಳ ವಿನಯದಿಂದ ಉತ್ತರಿಸಿದರು: "ಐಸ್ ನೀರ್ ಮಾರಾಯ್ರೆ, ಐಸ್ ನೀರ್!"

ಇಪ್ಪತ್ತೆರಡು ವರ್ಷ ಆ ರಸ್ತೆಯಲ್ಲಿ ದಿನಕ್ಕೊಬ್ಬನಿಗೆ ಕೊಟ್ಟ ಉತ್ತರ. ನಾಲಿಗೆ ತಾನಾಗಿ ಹೇಳಿತು. ಮೀನಿನ ಗಾಡಿಯಿಂದ ಐಸ್ ಕರಗಿದ ನೀರು ಬೀಳುವುದು ಆ ಹೆದ್ದಾರಿಯಲ್ಲಿ ಯಾರಿಗೂ ಹೊಸದಲ್ಲ. ಗಾಡಿಯಲ್ಲಿ ಈಗ ಐಸ್ ಇಲ್ಲ, ಮಂಚದ ಮೇಲೆ ಅತ್ತೆ ಇದ್ದಾರೆ ಎಂಬುದು ಅವರಿಗೆ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಮರವಂತೆಯಲ್ಲಿ ಎಳನೀರು ಕುಡಿಯಲು ನಿಂತೆವು. ಕಡಲು ನೋಡಿ ಭಾವನಿಗೆ ಸ್ನಾನದ ಯೋಚನೆ ಬಂತು. ಷವರಿನ ಒತ್ತಡ ಸರಿಯಾಗಿದೆಯೇ ಎಂದು ಪರೀಕ್ಷಿಸುವುದೂ ಅಗತ್ಯವಂತೆ. ಪುಸ್ತಕವನ್ನು ನನ್ನ ಕೈಗೆ ಕೊಟ್ಟು, "ಬರಿ, ಸ್ನಾನ, ಒಂದ್" ಎಂದು ಹೇಳಿ ಒಳಗೆ ಹೋದರು.

ಸರ್ಕಾರಿ ನೀರು ನೋಡಿದ ಕೈ ಅದು, ಷವರನ್ನು ಪೂರ್ತಿ ತಿರುಗಿಸಿಟ್ಟೇ ಸಾಬೂನು ಹಚ್ಚಿಕೊಂಡಿರಬೇಕು. ಐದು ನಿಮಿಷಕ್ಕೆ ಒಳಗಿನಿಂದ ಕೂಗು.

"ನೀರ್! ಹ್ವಾಯ್, ನೀರ್!"

ಪಂಪು ಗೊರಗೊರ ಎಂದು ಗಾಳಿ ಎಳೆಯುತ್ತಿತ್ತು. ಇವರು ಮುಚ್ಚಳ ತೆಗೆದರೆ ಟ್ಯಾಂಕು ಖಾಲಿ. ಬಾಗಿಲು ತೆರೆದು ಭಾವ ಹೊರಬಂದರು. ಸೊಂಟಕ್ಕೆ ಟವೆಲು, ತಲೆಯಿಂದ ಹೊಟ್ಟೆಯವರೆಗೆ ನೊರೆ, ಎರಡೂ ಕಣ್ಣು ಮುಚ್ಚಿ, ಕೈ ಮುಂದೆ ಚಾಚಿಕೊಂಡು. ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ. ಮಂಗಳೂರಿನಿಂದ ಬರುವ ಬಸ್ಸುಗಳು ವೇಗ ಕಡಿಮೆ ಮಾಡತೊಡಗಿದವು.

ನನ್ನ ಗಂಡ ಬಹಳ ಮರ್ಯಾದೆಯಿಂದ ಕೇಳಿದರು: "ಚಂದಯ್ಯಣ್ಣ, ಎಡಕ್ಕೆ ಕಡಲ್, ಬಲಕ್ಕೆ ಹೊಳಿ. ಯಾವ್ದ್ ಬೇಕ್?"

ನೀರಿನ ಕೆಲಸದಲ್ಲೇ ಮೂವತ್ತಮೂರು ವರ್ಷ ಕಳೆದವರನ್ನು ನಾನು ಕೈಹಿಡಿದು ರಸ್ತೆ ದಾಟಿಸಿದೆ. ಹೊಳೆಯಲ್ಲಿ ಮುಳುಗಿ ಎದ್ದರು. ಒಂದು ಬಸ್ಸಿನಿಂದ ಕಾಲೇಜು ಹುಡುಗಿಯರು ಕೈಬೀಸಿದರು. ಪುಸ್ತಕದಲ್ಲಿ ನಾನು "ಸ್ನಾನ, ಅರ್ಧ" ಎಂದು ತಿದ್ದಿದೆ.

ಅವಮಾನ ಆದ ಮೇಲೆ ಭಾವ ಹಟಕ್ಕೆ ಬಿದ್ದರು. ಎರಡು ದಿನ ಯೋಚಿಸಿ ಹೊಸ ತೀರ್ಪು ಕೊಟ್ಟರು: ಟ್ಯಾಂಕಿನೊಳಗೆ ಗಾಳಿ ಹೋಗುವುದರಿಂದ ನೀರು ಹೊರಗೆ ಬರುತ್ತದೆ, ಗಾಳಿ ಬಂದ್ ಮಾಡಿದರೆ ನೀರೂ ಬಂದ್. ಇದರಲ್ಲಿ ಅರ್ಧ ಸತ್ಯವಿತ್ತು ಎಂಬುದು ದುರದೃಷ್ಟ. ಮುಚ್ಚಳದ ಸುತ್ತ ರಬ್ಬರು ಕೂರಿಸಿ ಅಂಟು ಮೆತ್ತಿದರು. ಹಿಂದಿನ ಚಕ್ರದ ಹತ್ತಿರ ಇಳಿಬಿಟ್ಟ ಪೈಪಿಗೆ ಮರದ ಬೂಚು ಹೊಡೆದು ತಂತಿ ಬಿಗಿದರು.

"ಇನ್ನ್ ಮತ್ತೆ ತುಂಬ್ಸುದ್ ಹ್ಯಾಂಗೆ?" ಎಂದು ಕೇಳಿದೆ.

"ಕಾರವಾರ ಮುಟ್ಟಿದ್ಮೇಲೆ ಕಾಂಬ" ಎಂದರು.

ಡಿಸೆಂಬರಿನ ಒಂದು ಭಾನುವಾರ ಬೆಳಗ್ಗೆ ಕಾರವಾರಕ್ಕೆ ಹೊರಟೆವು. ಪುಷ್ಪ ಚಿಕ್ಕಮ್ಮ ಹಿಂದಿನ ದಿನವೇ ಮೂರು ಸಲ ಫೋನು ಮಾಡಿದ್ದಳು. ಅಮ್ಮ ಅವಳಿಗೆಂದು ಒಣ ಸಿಗಡಿಯ ಚಟ್ನಿಪುಡಿ ಕಟ್ಟಿಕೊಂಡಿದ್ದಳು. ನಾವುಂದದವರೆಗೆ ಕೆಟ್ಟ ರಸ್ತೆ, ಗಾಡಿ ಚೆನ್ನಾಗಿ ಕುಲುಕಿತು. ಬೈಂದೂರಿನಲ್ಲಿ ಭಾವ ಟ್ಯಾಂಕಿನ ಹೊಟ್ಟೆ ಬಡಿದರು. ದಪ್ಪ ಸದ್ದು. ನೀರು ಅಲ್ಲೇ ಇತ್ತು.

"ಬೈಂದೂರಿಗ್ ಮುಟ್ತಲ್ದಾ?" ಎಂದು ಭಾವ ಎದೆಯುಬ್ಬಿಸಿದರು. ನನ್ನ ಗಂಡ ಅವರ ಕೈ ಕುಲುಕಿದರು. ನಾನೂ ಮನಸ್ಸಿನಲ್ಲೇ ಸ್ವಲ್ಪ ಕುಲುಕಿದೆ.

ಅಲ್ಲಿಯೇ ನಾನು ಪಾತ್ರೆ ತೊಳೆದೆ, ಗಂಡಸರಿಬ್ಬರೂ ಮುಖ ತೊಳೆದರು. ನಲ್ಲಿಯ ನೀರು ಬರಬರುತ್ತ ಸಪೂರ ಆಗುತ್ತಿತ್ತು. ಯಾರೂ ಲಕ್ಷ್ಯ ಕೊಡಲಿಲ್ಲ.

ಶಿರೂರಿನ ಹತ್ತಿರ ಬರುವಾಗ ಅಮ್ಮ "ಹೆಣ್ಣೆ, ಕಣ್ಣ್ ಕತ್ಲಿ ಬತ್ತಿತ್ತ್" ಎಂದಳು. ಮುಟ್ಟಿದರೆ ಕೈ ಐಸಿನ ಹಾಗೆ, ಹಣೆ ಪೂರಾ ಬೆವರು. ಗಾಡಿ ನಿಲ್ಲಿಸಿ ಎಂದು ಕೂಗಿ, ಲೋಟಕ್ಕೆ ನೀರು ಹಿಡಿಯಲು ನಲ್ಲಿ ತಿರುಗಿಸಿದೆ. ದಾರದಷ್ಟು ಬಂತು, ನಿಂತಿತು. ಪಂಪು ಮಾತ್ರ ಹಲ್ಲುಕಚ್ಚಿಕೊಂಡು ಎಳೆಯುತ್ತಲೇ ಇತ್ತು.

ಮಂಚದ ಅಡಿಯಲ್ಲಿ ಢಬ್ ಎಂದು ಸದ್ದಾಯಿತು.

ಮಂಚವೇ ಒಮ್ಮೆ ಹಾರಿತು. ಒಳಗೆ ಗಾಳಿ ಹೋಗಲು ದಾರಿಯಿಲ್ಲದೆ, ಪಂಪು ನೀರು ಎಳೆದೆಳೆದು, ಟ್ಯಾಂಕು ಕಾಲಲ್ಲಿ ತುಳಿದ ಡಬ್ಬಿಯ ಹಾಗೆ ಒಳಕ್ಕೆ ಕುಸಿದು ಮೂಲೆಯಲ್ಲಿ ಸೀಳಿತ್ತು. ಬೈಂದೂರು ದಾಟಿ ಬಂದ ಅಷ್ಟೂ ನೀರು ಗಾಡಿಯ ನೆಲದ ಮೇಲೆ ಹರಿಯಿತು. ಚಪ್ಪಲಿ, ಚೀಲ, ಚಟ್ನಿಪುಡಿ ಎಲ್ಲ ತೇಲಿದವು.

ಅಮ್ಮನನ್ನು ಇವರು ಎತ್ತಿಕೊಂಡೇ ಇಳಿದರು. ಸೊಂಟ ಆ ಹೊತ್ತಿಗೆ ನೆನಪಾಗಲಿಲ್ಲ. ರಸ್ತೆಬದಿಯ ಹೋಟೆಲಿನವರು ಬೆಂಚಿನ ಮೇಲೆ ಮಲಗಿಸಿ, ಶುಗರ್ ಇಳಿದಿರಬೇಕೆಂದು ಸಕ್ಕರೆ ಜಾಸ್ತಿ ಹಾಕಿದ ಚಹಾ ಕೊಟ್ಟರು. ನಾಲ್ಕು ಗುಟುಕು ಹೋದ ಮೇಲೆ ಅವಳ ಕಣ್ಣ ಕತ್ತಲೆ ಬಿಟ್ಟಿತು. ಬೆಳಗ್ಗೆ ಮಾತ್ರೆ ನುಂಗಿದ್ದಾಳೆ, ತಿಂಡಿ ಅರ್ಧ ದೋಸೆ. ನಿನ್ನೆ ಸಂಜೆಯಿಂದ ನೀರೇ ಕುಡಿದಿಲ್ಲ.

"ಎಂತಕ್ಕೆ ಕುಡಿಲಿಲ್ಲ ಅತ್ತೆ?" ಎಂದು ಇವರು ಅವಳ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತು ಕೇಳಿದರು.

ಅಮ್ಮ ತಡೆದು ಹೇಳಿದಳು. "ಕುಡುದ್ರೆ ಹೋಯ್ಕ್. ಹೋರೆ ನೀರ್ ಮುಗಿತ್ತ್. ಅವ್ರ್ ಪುಸ್ತಕದಂಗೆ ಬರೀತ್ರಲೆ ಮಗಾ."

ಇವರು ಎದ್ದು ಭಾವನ ಹತ್ತಿರ ಹೋದರು. ಇಪ್ಪತ್ತು ವರ್ಷದಲ್ಲಿ ಷಡ್ಡಕನಿಗೆ ಎದುರು ಮಾತಾಡಿದವರಲ್ಲ. ಭಾವನ ಕಿಸೆಯಿಂದ ಪುಸ್ತಕ ತೆಗೆದು, ಗಾಡಿಯೊಳಗೆ ನಿಂತ ನೀರಿಗೆ ಹಾಕಿದರು.

"ಬ್ರಹ್ಮಾವರದ ಬಸ್ಸ್ ಆ ಬದಿಯಂಗೆ ನಿಲ್ತ್ ಚಂದಯ್ಯಣ್ಣ" ಎಂದರು. ಸ್ವರ ಏರಲಿಲ್ಲ.

ಭಾವ ಏನಾದರೂ ಭಾಷಣ ಮಾಡಬಹುದು ಎಂದು ನಾನು ಕಾದೆ. ಮಾಡಲಿಲ್ಲ. ಪ್ಯಾಂಟು ಮಡಚಿ ಗಾಡಿ ಹತ್ತಿ, ತಮ್ಮ ಟವೆಲಿನಲ್ಲೇ ನೆಲದ ನೀರನ್ನು ಒರೆಸಿ ಒರೆಸಿ ಹೊರಗೆ ಹಿಂಡಿದರು. ಪೂರ್ತಿ ಒಣಗಿದ ಮೇಲೆ ಅಮ್ಮನ ಎದುರು ಬಂದು, "ಬತ್ತೆ ಅತ್ತೆ" ಎಂದಷ್ಟೇ ಹೇಳಿ ರಸ್ತೆ ದಾಟಿದರು. ಅವರನ್ನು ತಮಾಷೆ ಮಾಡುವುದಕ್ಕೆ ಅಂದು ನನಗೂ ಬಾಯಿ ಬರಲಿಲ್ಲ. ಮರುದಿನ ಬಂತು.

ಕಾರವಾರ ಹಾಗೇ ಉಳಿಯಿತು. ಮನೆಗೆ ಮರಳಿ, ಹಾಳಾದ ಟ್ಯಾಂಕನ್ನು ಎಳೆದು ಅಂಗಳದಲ್ಲಿ ಹಾಕಿದೆವು. ಮರುದಿನ ನಾನು ಅದರ ಮುಂದೆ ಕೂತು ಯೋಚಿಸಿದೆ. ಎರಡು ಸಲ ನೀರು ಕಳೆದುಹೋಯಿತು. ಮೊದಲ ಸಲ ಬೈಂದೂರಿನಲ್ಲಿ ನೋಡಿದಾಗ ನಾಲ್ಕು ಬೆರಳು ಉಳಿದಿತ್ತು. ಅಡಿಯಲ್ಲಿ ತೂತಿದ್ದರೆ ಅದೂ ಉಳಿಯಬಾರದಿತ್ತು. ಹಾಗಾದರೆ ನೀರು ಹೊರಗೆ ಹೋಗುವ ಬಾಯಿ ತಳದಿಂದ ನಾಲ್ಕು ಬೆರಳು ಮೇಲೆ ಇರಬೇಕು. ಅಲ್ಲಿ ಏನಿದೆ? ಸೀಳಿದ ಜಾಗದಿಂದ ಕೈ ಹಾಕಿ ತಡಕಿದೆ. ಪದ್ದು ಮೇಲಿನಿಂದ ಧಾರಾಳವಾಗಿ ನೂಕಿದ್ದ ಪೈಪಿನ ತುದಿ ಕೈಗೆ ಸಿಕ್ಕಿತು. ತಳಕ್ಕೂ ಅದಕ್ಕೂ ನಡುವೆ ನಾಲ್ಕು ಬೆರಳು ಇಟ್ಟು ನೋಡಿದೆ. ಸರಿಯಾಗಿ ಹಿಡಿಯಿತು.

ಪೈಪನ್ನು ಎಳೆದು ಹೊರಗೆ ತೆಗೆದೆ. ಜಗಲಿಯಲ್ಲಿ ಅಮ್ಮ ಕೂತಿದ್ದಳು. ಪಕ್ಕದಲ್ಲಿ ತಂಬಿಗೆ; ಗಂಟೆಗೊಂದು ಲೋಟ ನೀರು ಕುಡಿಯಬೇಕೆಂದು ನನ್ನ ಕಾನೂನು.

"ಅದ್ ಎಂತ, ಸೀಮೆಎಣ್ಣೆ ಇಳ್ಸು ಪೈಪಾ?" ಎಂದಳು.

ಕೈಯಲ್ಲಿದ್ದದ್ದು ಅದೇ ನಮೂನೆಯದ್ದು. ನಮ್ಮ ಮನೆಯಲ್ಲಿ ದೋಣಿಯ ಮೋಟಾರಿಗೆ ಬ್ಯಾರಲ್ಲಿನಲ್ಲಿ ಸೀಮೆಎಣ್ಣೆ ಇಡುತ್ತಿದ್ದ ಕಾಲದಲ್ಲಿ, ಪೈಪಿನ ಒಂದು ತುದಿಯನ್ನು ಬ್ಯಾರಲ್ಲಿಗೆ ಇಳಿಸಿ, ಇನ್ನೊಂದು ತುದಿಯನ್ನು ಬಾಯಲ್ಲಿ ಎಳೆದು ಕೆಳಗಿನ ಕ್ಯಾನಿಗೆ ಬಿಡುತ್ತಿದ್ದದ್ದು ಅಮ್ಮನೇ. ಒಮ್ಮೆ ಹರಿಯತೊಡಗಿದರೆ ಒಳಗಿನ ತುದಿ ಬರಿದಾಗುವವರೆಗೆ ನಿಲ್ಲುವುದಿಲ್ಲ.

ನಾನು ಗಂಡನನ್ನು ಕರೆದು, ಜಗಲಿಯ ಮೇಲೆ ಒಂದು ಬಕೆಟ್ ನೀರು ಇಟ್ಟೆ. ಅಮ್ಮ ಪೈಪಿನ ಒಂದು ತುದಿಯನ್ನು ಬಕೆಟ್ಟಿಗೆ ಹಾಕಿ, ಇನ್ನೊಂದನ್ನು ಒಮ್ಮೆ ಬಾಯಲ್ಲಿ ಎಳೆದು ಅಂಗಳಕ್ಕೆ ಬಿಟ್ಟಳು. ನೀರು ಬಕೆಟ್ಟಿನ ಅಂಚು ಹತ್ತಿ ಇಳಿದು ಅಂಗಳಕ್ಕೆ ಹರಿಯತೊಡಗಿತು. ಯಾರೂ ಮುಟ್ಟದಿದ್ದರೂ ಹರಿಯುತ್ತಲೇ ಹೋಯಿತು.

"ಗಾಡಿ ಬಾಯಿ ಹಾಕಿ ಎಳೀತಾ?" ಎಂದರು ಇವರು.

"ಬಾಯಿ ಬ್ಯಾಡ. ಕಂಠದವರಿಗ್ ತುಂಬ್ಸಿ ಹೊಂಡದಂಗೆ ಒಂದ್ಸಲ ಕುಲ್ಕಿರೆ ಸಾಕ್. ನೀರ್ ಪೈಪಿನ ಬಾಗು ದಾಟ್ತ್. ಆಮೇಲ್ ತನ್ನಷ್ಟಕ್ಕೆ ಹೋತ್ತ್" ಎಂದೆ. ಅಂಗಳದಲ್ಲಿ ನಿಂತ ಗಾಡಿ ಕುಲುಕಲಿಲ್ಲ, ಅದಕ್ಕೇ ಭಾವನ ಮೂರು ದಿನದ ಪರೀಕ್ಷೆಯಲ್ಲಿ ಹನಿಯೂ ಹೋಗಲಿಲ್ಲ. ಓಡಿದ ಗಾಡಿ ದಾರಿಯುದ್ದಕ್ಕೂ ಹೆದ್ದಾರಿಗೆ ನೀರು ಹಾಕಿಕೊಂಡು ಹೋಯಿತು. ನೋಡಿದ ನೂರು ಜನ ಮೀನಿನ ಗಾಡಿಯೆಂದು ಸುಮ್ಮನಿದ್ದರು. ಹೇಳಿದ ಒಬ್ಬನಿಗೆ ಇವರು ಕೈಬೀಸಿ ಉತ್ತರ ಕೊಟ್ಟು ಕಳಿಸಿದರು.

ಅದು ನೆನಪಾಗಿ ಇವರ ಮುಖ ಸಣ್ಣದಾಯಿತು. "ನಾನೇ ಹೇಳಿದ್ದಲ್ದಾ, ಐಸ್ ನೀರ್ ಅಂದೇಳಿ?"

"ಹೌದ್. ನೀವೇ."

ಪದ್ದು ಬಂದ. ಎಲ್ಲ ಕೇಳಿ, "ಹೌದಲೆ!" ಎಂದ, ಪೈಪು ನೂಕಿದವನು ಬೇರೆ ಊರಿನವನು ಎಂಬಂತೆ. ಹೊಸ ಟ್ಯಾಂಕು ಕೂರಿಸಿದ. ಈ ಸಲ ಪೈಪಿನ ತುದಿ ಟ್ಯಾಂಕಿನೊಳಗೆ ಒಂದೇ ಇಂಚು. ಅಲ್ಲಿಂದ ಅದು ಗೋಡೆಗೆ ಒರಗಿಕೊಂಡು ಗಾಡಿಯ ಸೂರಿನವರೆಗೆ ಏರಿ, ಬಾಗಿ, ಸ್ವಲ್ಪ ಕೆಳಗೆ ಬಂದು ನಿಲ್ಲುತ್ತದೆ. ಗಾಳಿ ಬಂದು ಹೋಗುತ್ತದೆ. ನೀರು ಎಷ್ಟು ಕುಲುಕಿದರೂ ಸೂರು ಹತ್ತಲಾರದು. ನುಸಿ ಹೋಗದಂತೆ ಪೈಪಿನ ಬಾಯಿಗೆ ಒಂದು ಚೂರು ಬಲೆ ಕಟ್ಟಿದ್ದು ಅಮ್ಮ. ಒಟ್ಟು ಹೆಚ್ಚಿಗೆ ಬೇಕಾದದ್ದು ಐದಡಿ ಪೈಪು, ಒಂದು ಗಂಟೆಯ ಕೆಲಸ.

ನಾನೇ ಬ್ರಹ್ಮಾವರಕ್ಕೆ ಫೋನು ಮಾಡಿ ವಿಷಯ ಹೇಳಿದೆ. ಭಾವ ಮೊದಲು "ಅತ್ತೆಗೆ ಈಗ ಶುಗರ್ ಎಷ್ಟಿತ್ತ್?" ಎಂದು ಕೇಳಿದರು. ಹೇಳಿದೆ. ಕೊನೆಗೆ ತಡೆಯಲಾರದೆ "ಪೈಪ್ ಮುಕ್ಕಾಲ್ ಇಂಚಾ, ಒಂದ್ ಇಂಚಾ?" ಎಂದರು. ಮುಕ್ಕಾಲು ಎಂದೆ. "ಒಂದ್ ಇಂಚಿಂದ್ ಹಾಕುಕಾಯ್ತಿತ್" ಎಂದರು. ಆಗ ನನಗೂ ಸಮಾಧಾನವಾಯಿತು. ಭಾವ ಗುಣವಾಗುತ್ತಿದ್ದರು.

ಜನವರಿಯಲ್ಲಿ ಮತ್ತೆ ಹೊರಟೆವು. ಅಮ್ಮ ಈ ಸಲ ಹಟ ಹಿಡಿದವಳಂತೆ ನೀರು ಕುಡಿದಳು. ಮರವಂತೆಯಲ್ಲಿ, ಬೈಂದೂರಿನಲ್ಲಿ, ಭಟ್ಕಳದಲ್ಲಿ, ಹೊನ್ನಾವರದ ಸೇತುವೆಯ ಮೇಲೆ, ಮನಸ್ಸು ಬಂದಲ್ಲೆಲ್ಲ ಎದ್ದು ಒಳಗೆ ಹೋದಳು. ಒಂದೆರಡು ಸಲ ಅಗತ್ಯವಿಲ್ಲದೆಯೂ ಹೋಗಿರಬೇಕು ಎಂದು ನನ್ನ ಗುಮಾನಿ. ಇವರು ಪ್ರತಿ ಊರಿಗೂ ಗಾಡಿ ನಿಲ್ಲಿಸಿ ಮುಚ್ಚಳ ತೆರೆದು ನೋಡಿದರು. ನೀರು ಇತ್ತು. ಅಂಕೋಲೆಯಲ್ಲಿ ನಾನು ಬೈದ ಮೇಲೆ ನೋಡುವುದು ಬಿಟ್ಟರು.

ಮಧ್ಯಾಹ್ನ ಎರಡು ಗಂಟೆಗೆ ಕಾರವಾರ. ಪುಷ್ಪ ಚಿಕ್ಕಮ್ಮನ ಮನೆ ಕಡಲಿಗೆ ಹೋಗುವ ಗಲ್ಲಿಯ ತುದಿಯಲ್ಲಿ. ಗಾಡಿಯ ಸದ್ದು ಕೇಳಿ ಅವಳು ಹೊರಗೆ ಬಂದಳು. ತಲೆ ಪೂರಾ ಬೆಳ್ಳಗಾಗಿತ್ತು. ಅಮ್ಮ ಇಳಿಯಲು ಎದ್ದಳು.

"ಇಳೀಬೇಡ, ಇಳೀಬೇಡ, ನಾನ್ ಬತ್ತೆ" ಎಂದು ಚಿಕ್ಕಮ್ಮ ಕೈಯಲ್ಲಿದ್ದ ಸೌಟನ್ನು ನನಗೆ ಕೊಟ್ಟು, ಸೀರೆ ಎತ್ತಿ ಹಿಡಿದು ಗಾಡಿ ಹತ್ತಿದಳು. ಆಮೇಲೆ ಚಿಕ್ಕಮ್ಮ ಮಂಚದ ಮೇಲೆ ಕೂತು ಹಾಸಿಗೆ ಒತ್ತಿ ನೋಡಿದಳು. ಒಲೆ ನೋಡಿದಳು. ಮೂಲೆಯ ಬಾಗಿಲು ತೆರೆದು ನೋಡಿ, "ಅಯ್ಯೋ ಅಕ್ಕಾ, ನಮ್ಮನಿಗಿಂತ ಲಾಯ್ಕಿತ್ತಲೆ ಇದ್!" ಎಂದಳು.

"ಬಾಗ್ಲ್ ಹಾಕ್, ಬಿಸ್ಲ್ ಬತ್ತಿತ್ತ್" ಎಂದಳು ಅಮ್ಮ.

ಬಾಗಿಲು ಮುಚ್ಚಿತು. ಅರ್ಧ ಗಂಟೆ ಕಾದು ನಾನು ಊಟಕ್ಕೆ ಕರೆದೆ. ಒಳಗಿನಿಂದ ಒಂದು ಕೈ ಬಂದು ಎರಡು ತಟ್ಟೆ ಕೇಳಿತು. ಊಟ ಗಾಡಿಗೇ ಹೋಯಿತು. ಆಮೇಲೆ ಚಹಾ ಹೋಯಿತು. ಸಂಜೆ ಐದಾದರೂ ಒಳಗೆ ಯಾವುದೋ ಹಳೆಯ ಜಗಳವನ್ನು ಇಬ್ಬರೂ ಮೊದಲಿನಿಂದ ಆಡುತ್ತಿದ್ದರು, ನಡುನಡುವೆ ನಗುತ್ತಿದ್ದರು. ಚಿಕ್ಕಮ್ಮನ ಸೊಸೆ ಹೊರಗೆ ಬಂದು, ಅತ್ತೆಯ ದಿಂಬು ಬೇಕಂತೆ ಎಂದು ಎರಡು ದಿಂಬು, ಒಂದು ಹೊದಿಕೆ ತೆಗೆದುಕೊಂಡು ಹೋದಳು.

ನನ್ನ ಗಂಡ ಅಂಗಳದ ತೆಂಗಿನ ಕಟ್ಟೆಯ ಮೇಲೆ ಕೂತು, ತಾವೇ ಕೊರೆದ ಕಿಟಕಿಯನ್ನೂ ಮುಚ್ಚಿದ ಬಾಗಿಲನ್ನೂ ಒಮ್ಮೆ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಅಲ್ಲ, ಇವತ್ತ್ ನಾವ್ ಎಲ್ಲ್ ಮಲ್ಗುದ್?" ಎಂದರು.